ಪುಟ್ಟ ಮಕ್ಕಳ ಮನೆಗೆ ಕೈಯಲ್ಲೇ ಮಾಡಿದ ಉಡುಗೊರೆ: ಕೌದಿ, ಬಟ್ಟೆ ಗಿಲಕಿ, ಮರದ ಆಟಿಕೆ – ಅಳತೆ ಹೇಳಿ

ಎಳೆಬಿಸಿಲು (ಪ್ರಶ್ನೆ)

ತಂಗಿ ಮನೆಯಲ್ಲಿ ಎರಡು ಮಕ್ಕಳು. ದೊಡ್ಡವನಿಗೆ ಮೂರು ವರ್ಷ, ಚಿಕ್ಕವಳಿಗೆ ನಾಲ್ಕು ತಿಂಗಳು. ಇನ್ನು ಆರು ವಾರಕ್ಕೆ ಚಿಕ್ಕವಳ ಅನ್ನಪ್ರಾಶನ. ಇಬ್ಬರಿಗೂ ಕೈಯಲ್ಲೇ ಏನಾದರೂ ಮಾಡಿಕೊಡಬೇಕು ಅಂತಿದೆ. ಇರೋ ಸಾಮಾನು ಇಷ್ಟು: ಹಳೇ ಕಾಟನ್ ಸೀರೆ ನಾಲ್ಕು (ಒಂದು ಕಡುಗೆಂಪು, ಒಂದಕ್ಕೆ ಜರಿ ಅಂಚು), ಕಾಲಲ್ಲಿ ತುಳಿಯೋ ಹೊಲಿಗೆ ಮೆಷಿನ್, ಕೈಗರಗಸ, ಡ್ರಿಲ್, ಉಪ್ಪುಕಾಗದ. ಪಕ್ಕದ ಬಡಗಿ ಹತ್ತಿರ ಮರದ ತುಂಡುಗಳು ಸಿಗುತ್ತವೆ.

ಕೇಳಬೇಕಾಗಿರೋದು: ಮಗುವಿನ ಕೌದಿಗೆ ಎಷ್ಟು ಪದರ, ಎಷ್ಟು ದಾರ? ಬಟ್ಟೆ ಚೆಂಡಿನೊಳಗೆ ಗೆಜ್ಜೆ ಹಾಕಬಹುದಾ? ಮರದ ತುಂಡುಗಳಿಗೆ ಚನ್ನಪಟ್ಟಣದ ಬೊಂಬೆ ತರಹ ಬಣ್ಣ ಮನೆಯಲ್ಲೇ ಹಚ್ಚೋಕೆ ಆಗುತ್ತಾ? ಎಡವೋ ಜಾಗ ಎಲ್ಲಿ ಅನ್ನೋದನ್ನೂ ಹೇಳಿ.

ಹುಬ್ಬಳ್ಳಿಯಾಕಿ

ಕೌದಿ ಬಗ್ಗೆ ನಾ ಹೇಳ್ತೀನ್ರಿ, ಉಳಿದದ್ದು ಬಲ್ಲವರು ಹೇಳಲಿ.

ಎಳೀ ಕೂಸಿಗೆ ಮೂರು ಪದರ ಸಾಕು. ಐದು ಹಾಕಿದ್ರ ಮೆತ್ತಗ ಆಗತೈತಿ ಖರೆ, ಆದ್ರ ಕೂಸಿನ ಕೌದಿ ದಿನಾ ಒಗೀಬೇಕು. ಮಳಿಗಾಲದಾಗ ಐದು ಪದರ ಎರಡು ದಿನ ಆದ್ರೂ ಒಣಗಂಗಿಲ್ಲ. ನಡುವ ಹಸಿ ಉಳಿದ್ರ ಮುಗ್ಗಲು ವಾಸನಿ ಹಿಡದು ಬಿಡತೈತಿ. ಹತ್ತಿ, ಸ್ಪಂಜು ಏನೂ ತುಂಬಬ್ಯಾಡ್ರಿ. ಬಟ್ಟಿ ಮ್ಯಾಲೆ ಬಟ್ಟಿ ಇಟ್ಟು ಹೊಲದದ್ದಕ್ಕ ಕೌದಿ ಅನ್ನೂದು.

ಸೀರಿ ಉದ್ದಕ್ಕ 96 ಸೆಂ.ಮೀ. ಅಳದು, ಪೂರ್ತಿ ಪನ್ನಾ ಹಂಗ ಇಟ್ಟು ಕತ್ತರಿಸ್ರಿ. ಐದೂವರಿ ಮೀಟರ್ ಸೀರಿ ಒಂದರಾಗ ಇಂಥಾ ಐದು ತುಂಡು ಬರತಾವು. ನಾಲ್ಕೂ ಕಡೆ 3 ಸೆಂ.ಮೀ. ಒಳಗ ಮಡಚಿದ್ರ ಸುಮಾರು 90 × 110 ಆಗತೈತಿ.

ಬಟ್ಟಿ ಆರಿಸೂದ ದೊಡ್ಡ ಕೆಲಸ. ಸೀರಿ ಬೆಳಕಿಗೆ ಹಿಡೀರಿ. ಮಡಿಕಿ ಗೆರಿ ಮ್ಯಾಲೆ ಎಳಿ ಸವದು ಬೆಳಕು ಹಾಯ್ತಿದ್ರ ಆ ತುಂಡು ನಡುವಿನ ಪದರಕ್ಕ. ಎರಡೂ ಹೆಬ್ಬಟ್ಟು ಒತ್ತಿ ಹಿಡದು ಎಳದಾಗ ಚರ್ರ್ ಅಂತ ಹರದ್ರ ನಡುವಿಗೂ ಬ್ಯಾಡ, ಒರಸೂ ಬಟ್ಟಿ ಮಾಡ್ರಿ. ಜರಿ ಅಂಚು ಪೂರ್ತಿ ತಗದು ಬಿಡ್ರಿ, ಕೂಸಿನ ಗಲ್ಲಕ್ಕ ಗೀರತೈತಿ. ಹಳೇ ಸೀರಿ ಜೋಡಿ ಹೊಸಾ ಬಟ್ಟಿ ಸೇರಸೂದಿದ್ರ ಹೊಸಾದನ್ನ ಎರಡು ಸಲ ನೀರಿಗೆ ಹಾಕಿ ಒಣಗಿಸ್ರಿ. ಇಲ್ಲಂದ್ರ ಮೊದಲ ಒಗತಕ್ಕ ಹೊಸಾದು ಕುಗ್ಗಿ, ಹಳೇದು ಅಷ್ಟ ಉಳದು, ಕೌದಿ ಹಪ್ಪಳದಂಗ ಸೊಟ್ಟ ಆಗತೈತಿ.

ಮೂರೂ ಪದರ ನೆಲದ ಮ್ಯಾಲೆ ಹಾಸಿ, ಮೂಲಿಗೆ ತೂಕ ಇಟ್ಟು, ನಡುವಿನಿಂದ ಹೊರಗ ಕೈಯಾಡಿಸಿ ಸುಕ್ಕು ತಗೀರಿ. ಆಮ್ಯಾಲೆ ಗೇಣಿಗೊಂದರಂಗ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗಿ ಹಾಕ್ರಿ. ಅವಸರಕ್ಕ ಇದನ್ನ ಬಿಟ್ಟವರ ಕೌದಿ ನಡುವ ಉಬ್ಬಿರತೈತಿ. ಅಂಚಿನಿಂದ ಹೊಲಕೋತ ಬಂದಂಗ ಹೆಚ್ಚಾದ ಬಟ್ಟಿ ನಡುಕ ಸರದು ಬರತೈತಿ, ಅಲ್ಲಿ ಅದಕ್ಕ ಹೋಗಾಕ ಜಾಗ ಇರಂಗಿಲ್ಲ.

ಸಾಲಿನಿಂದ ಸಾಲಿಗೆ ಒಂದು ಬೆರಳಗಲ, ಅಂದ್ರ 1.5 ಸೆಂ.ಮೀ. ಒಂದೊಂದು ಹೊಲಿಗಿ 3–4 ಮಿ.ಮೀ. ಈ ಲೆಕ್ಕಕ್ಕ 66 ಮೀಟರ್ ಹೊಲಿಗಿ ಬೀಳತೈತಿ. ಎರಡೆಳಿ ಹತ್ತಿ ದಾರ 150 ಮೀಟರ್ ಇಟ್ಕೋರಿ. ದಿನಕ್ಕ ಒಂದೂವರಿ ತಾಸು ಕೂತ್ರ ಎರಡು ವಾರದ ಕೆಲಸ. ಹೊಲಿಗಿ 5 ಮಿ.ಮೀ. ದಾಟಗೊಡಬ್ಯಾಡ್ರಿ. ಸಡಲ ದಾರದಾಗ ಕೂಸಿನ ಕಾಲ್ಬೆರಳು ಸಿಕ್ಕೊಂಡು ಸುತ್ತಿಕೊಂಡ್ರ ರಕ್ತ ಓಡಾಡೂದ ನಿಂತು ಬಿಡತೈತಿ. ಗಂಟು ಮ್ಯಾಲೆ ಬಿಡದಂಗ ಮೆಲ್ಲಕ ಎಳದು ಪದರದ ಒಳಗ ಹೊಗಸ್ರಿ.

ಸಾಲು ನೆಟ್ಟಗ ಹೊಲಿಯೂದು ಒಂದು ರೀತಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣ್ಣಮಕ್ಕಳ ಕೌದಿ ನೋಡ್ರಿ: ಒಂದು ಮೂಲಿಯಿಂದ ಹಿಡದು ಅಂಚಿನಗುಂಟ ಸುತ್ತಕೋತ ನಡುಕ ಬಂದು ಮುಗಿಸ್ತಾರ. ನಾಲ್ಕೂ ಮೂಲಿಗೆ ಬಟ್ಟಿ ಮಡಚಿ ಮಾಡಿದ ಮುಕ್ಕೋನ ಇರತೈತಿ, ಅದಕ್ಕ ಫುಲ ಅಂತಾರ. ಭಾಳ ಚೆಂದ. ನೀವೂ ಹಾಕೂದಾದ್ರ ಅದರ ಬುಡ ಮೂರು ಸುತ್ತು ಹೊಲೀರಿ. ಹಲ್ಲು ಬರೂ ಕೂಸು ಮೊದಲ ಅದನ್ನ ಹುಡುಕಿ ಬಾಯಾಗ ಇಟ್ಟುಕೊಳ್ಳೂದು.

ವರ್ಷ ತುಂಬೂತನಕ ಮಲಗಿದ ಕೂಸಿಗೆ ಹೊದಸಬ್ಯಾಡ್ರಿ, ಮಾರಿ ಮ್ಯಾಲೆ ಬಂದ್ರ ಅದಕ್ಕ ಸರಸಾಕ ಬರಂಗಿಲ್ಲ. ಬೋರಲು ಬಿದ್ದು ಆಡಾಕ ನೆಲಕ್ಕ ಹಾಸ್ರಿ.

ಜೋಡಿಹೊಲಿಗೆ

ಚೆಂಡಿಗೆ ಬರ್ತೀನಿ. ಅದಕ್ಕೂ ಮೊದಲು ಎರಡು ರಟ್ಟಿನ ಕೊಳವೆ ಮಾಡಿಟ್ಟುಕೊಳ್ಳಿ, ಎಲ್ಲಾ ಕೆಲಸಕ್ಕೂ ಬೇಕಾಗುತ್ತೆ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ 31.7 ಮಿ.ಮೀ. ಅಗಲದ ಒಂದು ಕೊಳವೆ ಬಳಸ್ತಾರೆ. ಯಾವ ತುಂಡಾದರೂ ಅದರೊಳಗೆ ಪೂರ್ತಿ ಇಳಿದರೆ ಮಗುವಿನ ಗಂಟಲಿಗೂ ಇಳಿಯಬಹುದು ಅಂತ ಲೆಕ್ಕ. ಮನೆಯಲ್ಲಿ ಇದನ್ನ ಮಾಡೋದು ಸುಲಭ: ತೆಳು ರಟ್ಟನ್ನ ಸರಿಯಾಗಿ 10 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಅಂಚಿಗೆ ಅಂಚು ಕೂಡೋ ಹಾಗೆ ಸುತ್ತಿ ಟೇಪ್ ಹಾಕಿ. ಒಂದರ ಮೇಲೊಂದು ಹತ್ತಬಾರದು. ಎತ್ತರ 5.7 ಸೆಂ.ಮೀ. ಚೆಂಡಿನಂಥ ದುಂಡು ವಸ್ತುವಿಗೆ ಇದು ಸಾಲದು, ಅದಕ್ಕೆ 44.5 ಮಿ.ಮೀ. ಅಳತೆ, 14 ಸೆಂ.ಮೀ. ರಟ್ಟು ಸುತ್ತಿದರೆ ಅದೂ ಬರುತ್ತೆ.

ಈಗ ಗೆಜ್ಜೆಯನ್ನ ಸಣ್ಣ ಕೊಳವೆಗೆ ಹಾಕಿ ನೋಡಿ. ಸದ್ದಿಲ್ಲದೆ ಒಳಗೆ ಹೋಗುತ್ತೆ. ಹಾಗಾಗಿ ಬಿಡಿ ಗೆಜ್ಜೆ ಬೇಡ. ಗುಂಡಿ, ಮಣಿ, ಅಂಟಿಸೋ ಕಣ್ಣು ಇವೂ ಬೇಡ, ಕಣ್ಣು ಮೂಗು ದಾರದಲ್ಲೇ ಹೊಲೀರಿ. ಸದ್ದು ಬೇಕೇ ಬೇಕು ಅಂದರೆ ದೊಡ್ಡ ಕೊಳವೆಗೂ ಇಳಿಯದಷ್ಟು ದಪ್ಪದ, ತಿರುಪಿನ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೆಜ್ಜೆ ಹಾಕಿ, ಮುಚ್ಚಳಕ್ಕೆ ಅಂಟು ಹಾಕಿ ಒಂದು ದಿನ ಒಣಗಿಸಿ, ಡಬ್ಬಿಗೇ ಬೇರೆ ಗಟ್ಟಿ ಬಟ್ಟೆಯ ಚೀಲ ಹೊಲಿದು, ಚೆಂಡಿನ ನಡುವೆ ಇಡಿ. ಹೊರಗಿನ ಹೊಲಿಗೆ ಬಿಟ್ಟರೂ ಚೀಲ ಇರುತ್ತೆ, ಚೀಲ ಹರಿದರೂ ಡಬ್ಬಿ ಗಂಟಲಿಗೆ ಹೋಗಲ್ಲ.

ಅಕ್ಕಿ, ಹೆಸರುಕಾಳು ತುಂಬೋ ಅಭ್ಯಾಸ ಕೆಲವರಿಗಿದೆ. ಮಗುವಿನ ಜೊಲ್ಲು ತಾಗಿ ಕಾಳು ನೆನೆದು ಬೂಸ್ಟು ಹಿಡಿಯುತ್ತೆ, ಹುಳು ಬೀಳುತ್ತೆ. ಬೂರುಗದ ಹತ್ತಿ ಹಗುರ, ಮೆತ್ತಗೆ, ಆದರೆ ಒಗೆದರೆ ಮುದ್ದೆ ಕಟ್ಟುತ್ತೆ. ಹಳೇ ಬಟ್ಟೆ ಚಿಂದಿ ತುಂಬಿದರೆ ಕಲ್ಲಿನ ಹಾಗೆ ಭಾರ. ಈ ಒಂದು ಕಡೆ ಪಾಲಿಯೆಸ್ಟರ್ ಫೈಬರೇ ವಾಸಿ, ಒಗೆದು ಹಿಂಡಿದರೂ ಮತ್ತೆ ಉಬ್ಬುತ್ತೆ.

10 ಸೆಂ.ಮೀ. ಚೆಂಡಿಗೆ ಎಸಳಿನಾಕಾರದ ಆರು ತುಂಡು: ತುದಿಯಿಂದ ತುದಿಗೆ 15.7, ನಡು ಅಗಲ 5.2, ಸುತ್ತ ಹೊಲಿಗೆಗೆ 0.7 ಸೆಂ.ಮೀ. ಸೇರಿಸಿ. ಫೈಬರ್ 25ರಿಂದ 30 ಗ್ರಾಂ. ಆರೂ ತುದಿ ಒಂದೇ ಬಿಂದುವಿಗೆ ಬಂದಾಗ ಅಲ್ಲಿ ಸಣ್ಣ ತೂತು ಉಳಿಯುತ್ತೆ, ಫೈಬರ್ ಹೊರಬರೋದು ಅಲ್ಲಿಂದಲೇ. ಮೂರು ಮೂರು ಎಸಳು ಕೂಡಿಸಿ ಎರಡು ಬಟ್ಟಲು ಮಾಡಿ, ಆಮೇಲೆ ಬಟ್ಟಲುಗಳನ್ನ ಸೇರಿಸಿ. ತುದಿಗೆ ಗುಂಡಗೆ ಕತ್ತರಿಸಿದ ಬಿಲ್ಲೆ ಹೊಲಿದರೆ ಇನ್ನೂ ಭದ್ರ. ಹಳೇ ಸೀರೆ ಬಟ್ಟೆ ಒಂದೇ ಪದರ ಸಾಲಲ್ಲ, ಎರಡು ಪದರ ಇಡಿ.

ಮೆಷಿನ್ ಹೊಲಿಗೆ 2 ಮಿ.ಮೀ. ಉದ್ದಕ್ಕೆ ಇಟ್ಟು ಜೋಡಿ ಸಾಲು ಹಾಕಿ. ದಾರ ಪಾಲಿಯೆಸ್ಟರ್ ಇರಲಿ. ಕೌದಿಗೆ ಹತ್ತಿ ದಾರ ಸರಿ, ಆದರೆ ಸದಾ ಬಾಯಲ್ಲಿ ನೆನೆಯೋ ವಸ್ತುವಿನಲ್ಲಿ ಹತ್ತಿ ದಾರ ಬೇಗ ಮೆತುವಾಗುತ್ತೆ. ತುಂಬುವ ಮುಂಚೆ ಹೊಲಿಗೆಯ ಎರಡೂ ಬದಿಯ ಬಟ್ಟೆ ಹಿಡಿದು ಗಟ್ಟಿಯಾಗಿ ಎಳೆಯಿರಿ. ಬಾಯಿ ಬಿಟ್ಟು ದಾರ ಕಂಡರೆ ಬಿಚ್ಚಿ ಮತ್ತೆ ಹೊಲೀರಿ.

ಒಂದು ಮಾತು: ನಾಲ್ಕು ತಿಂಗಳ ಮಗುವಿಗೆ 10 ಸೆಂ.ಮೀ. ಚೆಂಡು ಹಿಡಿಯೋಕೆ ಆಗಲ್ಲ. ಈಗಿಂದಲೇ ಹಿಡಿಯೋಕೆ ಬಟ್ಟೆ ಬಳೆ ಮಾಡಿ. 32 × 8 ಸೆಂ.ಮೀ. ಪಟ್ಟಿ ಉದ್ದಕ್ಕೆ ಹೊಲಿದು, ತಿರುವಿ, ಫೈಬರ್ ತುಂಬಿ, ತುದಿಗೆ ತುದಿ ಸೇರಿಸಿದರೆ ಸುಮಾರು 2 ಸೆಂ.ಮೀ. ದಪ್ಪದ ಬಳೆ. ಪುಟ್ಟ ಮುಷ್ಟಿಗೆ ಅದೇ ಸರಿಯಾದ ದಪ್ಪ.

ಬಾಚಿಉಳಿ

ಮರದ ವಿಷಯ. ಚನ್ನಪಟ್ಟಣದ ಬಣ್ಣ ಹಚ್ಚೋದು ಅಲ್ಲ, ತಿರುಗೋ ಮರದ ಮೇಲೆ ಕರಗಿಸೋದು. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನ ತಿರುಗಣಿಯಲ್ಲಿ ಸುತ್ತುತ್ತಿರೋ ಹಾಲೆ ಮರಕ್ಕೆ ಒತ್ತಿ ಹಿಡಿದಾಗ ಉಜ್ಜಿದ ಕಾವಿಗೆ ಅರಗು ಕರಗಿ ಅಂಟುತ್ತೆ, ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ಆ ಊರಿನ ಬೊಂಬೆಗಳು ಬಹುಪಾಲು ದುಂಡಗಿರೋದು ಇದೇ ಕಾರಣಕ್ಕೆ. ಚೌಕ ತುಂಡಿಗೆ ಇದು ಆಗದ ಕೆಲಸ. ಅರಗಿನ ಗಿಲಕಿ ಬೇಕು ಅಂದರೆ ಅಲ್ಲಿಂದಲೇ ತನ್ನಿ, ನೀವು ಮನೆಯಲ್ಲಿ ಎಣ್ಣೆ-ಮೇಣದ ತುಂಡು ಮಾಡಿ. ತಂದದ್ದನ್ನ ಕುದಿಯೋ ನೀರಿಗೆ ಹಾಕಬೇಡಿ, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಕಾವಿಗೆ ಮೆತ್ತಗಾಗುತ್ತೆ, ಸ್ಪಿರಿಟ್ಟಿಗೆ ಕರಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಿಶಿನದ ಬಣ್ಣ ಇರೋದಕ್ಕೆ ಸೋಪು ತಾಗಿಸಬೇಡಿ: ಆರತಿ ನೀರಿಗೆ ಸುಣ್ಣ ಬಿದ್ದಾಗ ಆಗೋ ಹಾಗೆ ಕೆಂಪಾಗುತ್ತೆ.

ಬಡಗಿ ಹತ್ತಿರ ಹಾಲೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ: ಬಿಳಿ, ನುಣುಪು, ಸಿಬಿರು ಏಳಲ್ಲ. ಹೊನ್ನೆ ಬೇಡ, ಒದ್ದೆಯಾದರೆ ಬಣ್ಣ ಬಿಡುತ್ತೆ. ಹಲಸಿನ ತಿರುಳೂ ಹಳದಿ ಬಿಡುತ್ತೆ. ಗೇರು ಬೇಡ, ಅದರ ಸೊನೆ ಚರ್ಮ ಸುಡುತ್ತೆ. ಪ್ಲೈವುಡ್, ಎಂಡಿಎಫ್ (ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ) ತುಂಡು ಬಾಯಿಗೆ ಹೋಗೋ ಆಟಿಕೆಗೆ ಮುಟ್ಟಬೇಡಿ. ಪ್ಯಾಕಿಂಗ್ ಪೆಟ್ಟಿಗೆ ಮರ ಆದರೆ ಮೊಹರು ನೋಡಿ. ಎಂಬಿ ಅಂತಿದ್ದರೆ ಹೊಗೆಯ ಔಷಧಿ ಹೊಡೆದದ್ದು, ವಾಪಸ್ ಕೊಡಿ.

ಚೌಕ 4 ಸೆಂ.ಮೀ. ಇರಲಿ, ಸಣ್ಣ ಕೊಳವೆಗೆ ಇಳಿಯಲ್ಲ. 4 × 4ರ ಪಟ್ಟಿಯಿಂದ 24 ತುಂಡಿಗೆ ಗರಗಸದ ಪುಡಿ ಸೇರಿ 1.1 ಮೀಟರ್ ಹಿಡಿಯುತ್ತೆ. ಅಂಚು ಮೂಲೆ 3 ಮಿ.ಮೀ. ಗುಂಡಗೆ ಮಾಡಿ. ಉಪ್ಪುಕಾಗದ 80, 120, 220 ನಂಬರಿನದು, ಒರಟಿನಿಂದ ನುಣುಪಿಗೆ ಈ ಕ್ರಮದಲ್ಲಿ. 220 ಆದಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮುಟ್ಟಿ ನೋಡಿ: ನುಣ್ಣಗಿದ್ದ ಮರ ಗಡ್ಡ ಬಂದ ಹಾಗೆ ತರಿತರಿ ಆಗಿರುತ್ತೆ. ಆ ಎದ್ದ ನಾರನ್ನ 320ರಲ್ಲಿ ತೆಗೀರಿ. ಈ ಹಂತ ಬಿಟ್ಟರೆ ಅದೇ ತರಿ ಮಗುವಿನ ಜೊಲ್ಲಿಗೆ ಏಳುತ್ತೆ.

ಪಾಲಿಶ್: ಜೇನುಮೇಣ 25 ಗ್ರಾಂ, ಕೊಬ್ಬರಿ ಎಣ್ಣೆ 100 ಗ್ರಾಂ. ಪಾತ್ರೆಯೊಳಗೆ ಪಾತ್ರೆ ಇಟ್ಟು ನೀರಿನ ಕಾವಿಗೆ ಕರಗಿಸಿ, ನೇರ ಉರಿ ಬೇಡ. ಬಟ್ಟೆಯಲ್ಲಿ ತಿಕ್ಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಲ್ಲಿ ಉಜ್ಜಿ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ಲವಣ ಹಾಕಿರ್ತಾರೆ.

ಎಳೆಬಿಸಿಲು

ತುಂಬಾ ಉಪಕಾರ ಆಯ್ತು. ಇನ್ನೆರಡು: ಕೆಂಪು ಸೀರೆಯನ್ನ ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತಾ? ದೊಡ್ಡವನಿಗೆ ಎಳೆಯೋ ಬಂಡಿ ಮಾಡಬಹುದಾ?

ಹುಬ್ಬಳ್ಳಿಯಾಕಿ

ನಿಲ್ಲಂಗಿಲ್ರಿ. ಬಟ್ಟಿಗೆ ಬಣ್ಣ ಹಾಕೂ ಮುಂದ ಹಿಡಸಾಕ ಉಪ್ಪು ನೆರವು ಆಗತೈತಿ, ಹಾಕಿ ಮುಗದ ಮ್ಯಾಲೆ ಅಲ್ಲ. ಬಿಳೀ ಬಟ್ಟಿ ಸೋಪಿನ ಬೆಚ್ಚನ ನೀರಾಗ ಅದ್ದಿ ಕೆಂಪು ಸೀರಿ ಮ್ಯಾಲೆ ಇಪ್ಪತ್ತು ಸಲ ತಿಕ್ರಿ. ಬಿಳೀದು ಗುಲಾಬಿ ಆದ್ರ ಕೂಸಿನ ಯಾವ ವಸ್ತುವಿಗೂ ಬ್ಯಾಡ. ಆಗದಿದ್ರ ಕೌದಿ ಅಂಚಿಗೆ ಹಾಕ್ರಿ, ಭಾಳ ಕಳೆ ಕಟ್ಟತೈತಿ.

ಬಾಚಿಉಳಿ

ಬಂಡಿ ಮಾಡಿ, ಆದರೆ ಅಣ್ಣನ ಬಂಡಿ ಇನ್ನೆರಡು ತಿಂಗಳಿಗೆ ತಂಗಿಯ ಬಾಯಲ್ಲಿರುತ್ತೆ. ಅಳತೆ ಎಲ್ಲಾ ಚಿಕ್ಕವಳಿಗೆ ತಕ್ಕ ಹಾಗೆ ಇರಲಿ.

ಹಲಗೆ 18 × 10 ಸೆಂ.ಮೀ., 18 ಮಿ.ಮೀ. ದಪ್ಪ. ಗಾಲಿ 6 ಸೆಂ.ಮೀ. ಅಗಲ, 2 ದಪ್ಪ. ಅಚ್ಚು 8 ಮಿ.ಮೀ. ಮರದ ದುಂಡುಕಡ್ಡಿ, ಹಲಗೆ ಕೆಳಗಿನ ಕಟ್ಟಿಗೆಗೆ 9 ಮಿ.ಮೀ. ತೂತು. ಗಾಲಿ ಅಚ್ಚಿಗೆ ಅಂಟಿರಬೇಕು, ಅಚ್ಚು ತೂತಿನಲ್ಲಿ ತಿರುಗಬೇಕು. ಗಾಲಿಯನ್ನ ಮೊಳೆಗೆ ಸಿಕ್ಕಿಸಿದರೆ ಮೊಳೆ ಸಡಿಲವಾಗಿ ಒಂದಿನ ಗಾಲಿಯೂ ಮೊಳೆಯೂ ಮಗುವಿನ ಕೈಗೆ ಬರುತ್ತೆ. ಕೊಂಬೆಯನ್ನ ಬಿಲ್ಲೆ ಕೊಯ್ದು ಗಾಲಿ ಮಾಡಿದರೆ ಒಣಗಿದಾಗ ನಡುವಿನಿಂದ ಅಂಚಿಗೆ ಸೀಳುತ್ತೆ, ಹಲಗೆಯಿಂದಲೇ ಕತ್ತರಿಸಿ. ಡ್ರಿಲ್ ನೆಟ್ಟಗಿಲ್ಲದೆ ತೂತು ನಡುವಿನಿಂದ 2 ಮಿ.ಮೀ. ಸರಿದರೂ ಬಂಡಿ ಕುಂಟುತ್ತೆ, ಮೊದಲು ಕೈವಾರದಲ್ಲಿ ನಡು ಗುರುತು ಮಾಡಿ, ಮೊಳೆಯಿಂದ ಚುಚ್ಚಿ, 3 ಮಿ.ಮೀ. ಬಿಟ್ ಹಾಕಿ, ಆಮೇಲೆ 8.

ಹಗ್ಗ ಒಂದು ಗೇಣು, ಅಂದರೆ 22 ಸೆಂ.ಮೀ. ಮೀರಬಾರದು. ಮೂರು ವರ್ಷದವನು ಅದನ್ನ ಬಗ್ಗಿ ಎಳೀಬೇಕಾಗುತ್ತೆ, ಸರಿ ಬರಲ್ಲ. ಅದಕ್ಕೇ ಹಗ್ಗ ಬಿಟ್ಟು ಹಿಂದೆ 45 ಸೆಂ.ಮೀ. ದುಂಡುಕಡ್ಡಿ ಓರೆಯಾಗಿ ನೆಟ್ಟು ತಳ್ಳೋ ಬಂಡಿ ಮಾಡಿ. ಕಡ್ಡಿ 2 ಸೆಂ.ಮೀ. ದಪ್ಪ ಇರಲಿ, ತುದಿಗೆ 5 ಸೆಂ.ಮೀ. ಮರದ ಗುಂಡು ಕೂರಿಸಿ. ಬಿದ್ದಾಗ ಕಣ್ಣಿಗೆ ಚುಚ್ಚೋದು ಬರೀ ತುದಿ. ಆ ಗುಂಡಿಗೆ ಅಂಟಿನ ಜೊತೆ ಅಡ್ಡಕ್ಕೆ 4 ಮಿ.ಮೀ. ಬಿದಿರು ಗೂಟವನ್ನೂ ಹೊಡೀರಿ, ಅಂಟು ಬಿಟ್ಟರೂ ಗುಂಡು ಕಳಚಲ್ಲ.