ಪದಚರ್ಚೆ: ‘ಪ್ರೊಪೆಲ್ಲರ್ ಶಾಫ್ಟ್’ ಲಾರಿಯದೋ, ಬೋಟಿನದೋ?

ಪ್ರಶ್ನೆ (ಚಿತ್ರದುರ್ಗದಿಂದ)

ಎಲ್ಲರಿಗೂ ನಮಸ್ಕಾರ. ವಾಣಿ ವಿಲಾಸ ಸಾಗರದ ಹಿನ್ನೀರಿನಲ್ಲಿ ಓಡಿಸುವ ಒಂದು ಡೀಸೆಲ್ ಬೋಟಿಗೆ ಶಾಫ್ಟ್ ಬದಲಿಸಬೇಕಿದೆ. ಕೆಲಸಕ್ಕೆ ಕೈ ಹಾಕುವವರು ಹಿರಿಯೂರಿನ ಲಾರಿ ಮೆಕ್ಯಾನಿಕ್‌ಗಳು. ಅವರಿಗೆಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪ್ರೊಪೆಲ್ಲರ್ ಶಾಫ್ಟ್ ಅಂದರೆ ಅವರ ಕಣ್ಣಿಗೆ ಬರುವುದು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗಿಗೆ ಹೋಗುವ ಪೈಪು. ಹಾಗಾಗಿ ‘ನೋದಕ ದಂಡ’ ಎಂದು ಬರೆದಿಟ್ಟಿದ್ದೇನೆ, ಸರಿಯೇ? ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಸ್ಟಫಿಂಗ್ ಬಾಕ್ಸ್‌ಗೆ, ಹಿಂಬದಿಯಲ್ಲಿ ಶಾಫ್ಟನ್ನು ಹಿಡಿದಿಡುವ ಕಟ್‌ಲೆಸ್ ಬೇರಿಂಗ್‌ಗೆ ಏನನ್ನೋಣ? ಎರಡನೆಯದಕ್ಕೆ ‘ಕತ್ತಿ ಬೇರಿಂಗ್’ ಎಂಬ ಸಲಹೆ ಬಂದಿದೆ.

ಉತ್ತರ (ದಾವಣಗೆರೆಯಿಂದ)

ಸಾರ್, ‘ನೋದಕ ದಂಡ’ ಬೇಡ. ಓದಿದವನು ಇಂಗ್ಲಿಷಿನಲ್ಲಿ ಏನು ಎಂದು ಕೇಳಿಯೇ ಕೇಳುತ್ತಾನೆ. ‘ಬೋಟಿನ ಶಾಫ್ಟ್’ ಸಾಕು. ಆದರೆ ಲಾರಿಯ ಅಭ್ಯಾಸ ಬೋಟಿನಲ್ಲಿ ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದನ್ನು ಆಯಾ ಪದದ ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ಎಷ್ಟು ಒಳ್ಳೆಯ ಪದ ಹಾಕಿಯೂ ದಂಡ.

ಲಾರಿಯದು ಟೊಳ್ಳು ಪೈಪು. ತುದಿಗಳಲ್ಲಿ ಓರೆಯಲ್ಲೂ ತಿರುಗಲು ಬಿಡುವ ಕ್ರಾಸ್ (ಯೂನಿವರ್ಸಲ್ ಜಾಯಿಂಟ್), ಉದ್ದ ಹೆಚ್ಚುಕಡಿಮೆ ಆಗಲು ಜಾರುವ ಹಲ್ಲಿನ ಜೋಡಣೆ, ಅಂದರೆ ಸ್ಪ್ಲೈನ್. ಅದು ತಿರುವನ್ನಷ್ಟೇ ದಾಟಿಸುತ್ತದೆ. ಬೋಟಿನದು ಗಟ್ಟಿ ಸ್ಟೇನ್‌ಲೆಸ್ ರಾಡು. ತಿರುಗುವುದಲ್ಲದೆ, ಫ್ಯಾನು (ಪ್ರೊಪೆಲ್ಲರ್) ನೀರನ್ನು ಹಿಂದಕ್ಕೆ ತಳ್ಳಿದಾಗ ಹುಟ್ಟುವ ಒತ್ತಡವನ್ನು ಗೇರ್‌ಬಾಕ್ಸಿನ ಥ್ರಸ್ಟ್ ಬೇರಿಂಗಿಗೆ ಮುಟ್ಟಿಸುವುದೂ ಅದೇ. ಸಾಮಾನ್ಯವಾಗಿ ಕ್ರಾಸ್ ಇರುವುದಿಲ್ಲ, ಗೇರ್‌ಬಾಕ್ಸಿನ ಮತ್ತು ಶಾಫ್ಟಿನ ತುದಿಯ ಚಪ್ಪಟೆ ಬಿಲ್ಲೆಗಳನ್ನು, ಅಂದರೆ ಫ್ಲೇಂಜಿಗೆ ಫ್ಲೇಂಜನ್ನು, ನೇರ ಬೋಲ್ಟು. ಲಾರಿಯಲ್ಲಿ ಕ್ರಾಸ್ ನುಂಗಿಕೊಳ್ಳುವ ಓರೆ ಇಲ್ಲಿ ಗೇರ್‌ಬಾಕ್ಸಿನ ಸೀಲನ್ನೂ ಹಿಂದಿನ ಬುಷ್ಷನ್ನೂ ತಿನ್ನುತ್ತದೆ.

ಅದಕ್ಕೇ ‘ಅಲೈನ್‌ಮೆಂಟ್’ ಅನ್ನುವ ಪದವನ್ನು ಹಾಗೇ ಬಿಟ್ಟು ಅಳತೆ ಕೊಡಿ. ಟ್ಯಾಪೆಟ್ ಬಿಡುವ ಫೀಲರ್ ಗೇಜೇ (ಸಂದು ಅಳೆಯುವ ತೆಳು ಪಟ್ಟಿಗಳು) ಸಾಕು. ಬೋಲ್ಟ್ ಬಿಚ್ಚಿ, ಎರಡು ಫ್ಲೇಂಜನ್ನೂ ಕೈಯಲ್ಲಿ ಒತ್ತಿ ಸೇರಿಸಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸಂದು ನೋಡಬೇಕು. 4 ಇಂಚಿನ ಫ್ಲೇಂಜಿನಲ್ಲಿ ಅತಿ ಹೆಚ್ಚಿನ ಸಂದಿಗೂ ಅತಿ ಕಡಿಮೆಯದಕ್ಕೂ 4 ಥೌ (ಇಂಚಿನ ಸಾವಿರದ ನಾಲ್ಕು ಭಾಗ), ಅಂದರೆ 0.1 ಮಿ.ಮೀ. ಮೀರಿ ವ್ಯತ್ಯಾಸ ಇರಕೂಡದು. ಬಳಿಕ ಶಾಫ್ಟಿನ ಫ್ಲೇಂಜನ್ನಷ್ಟೇ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಬೇಕು. ದೊಡ್ಡ ಸಂದು ಇದ್ದಲ್ಲೇ ಉಳಿದರೆ ಎಂಜಿನ್ನಿನ ಮೌಂಟಿಂಗ್ ಸರಿಪಡಿಸಬೇಕು. ಫ್ಲೇಂಜಿನ ಜೊತೆಗೇ ತಿರುಗಿ ಬಂದರೆ ಶಾಫ್ಟ್ ಬೆಂಡಾಗಿದೆ ಅಥವಾ ಫ್ಲೇಂಜಿನ ಮುಖ ಸೊಟ್ಟಗಿದೆ. ಮೌಂಟಿಂಗ್ ಎಷ್ಟು ಎತ್ತಿ ಇಳಿಸಿದರೂ ಅದು ಹೋಗದು. ಕಡೆಯ ಅಲೈನ್‌ಮೆಂಟ್ ಬೋಟು ನೀರಿಗಿಳಿದು ಒಂದು ದಿನವಾದರೂ ನಿಂತ ಮೇಲೆ. ದಡದಲ್ಲಿ ಮರದ ದಿಮ್ಮಿಯ ಮೇಲೆ ಕೂತ ಬೋಟಿನ ಒಡಲು ನೀರಿನಲ್ಲಿ ತುಸು ಬೇರೆ ಆಕಾರಕ್ಕೆ ಬರುತ್ತದೆ.

ಸ್ಟಫಿಂಗ್ ಬಾಕ್ಸ್‌ಗೆ ‘ಗ್ಲ್ಯಾಂಡ್’. ಭದ್ರಾ ನಾಲೆಯ ಬಯಲಿನಲ್ಲಿ ಪಂಪ್‌ಸೆಟ್ ಇಟ್ಟವರಿಗೆಲ್ಲ ಇದು ಗೊತ್ತಿರುವ ಮಾತು. ನೀರು ತಡೆಯಲು ಅದರೊಳಗೆ ತುಂಬುವ ದಾರವೇ ಪ್ಯಾಕಿಂಗ್. ಅದರ ದಪ್ಪದ ಲೆಕ್ಕ: ಬಾಕ್ಸಿನ ಒಳವ್ಯಾಸದಲ್ಲಿ ಶಾಫ್ಟಿನ ವ್ಯಾಸ ಕಳೆದು ಅರ್ಧ ಮಾಡಿ. 25 ಮಿ.ಮೀ. ಶಾಫ್ಟ್, 41 ಮಿ.ಮೀ. ಬಾಕ್ಸ್ ಆದರೆ 8 ಮಿ.ಮೀ. ಮೂರೋ ನಾಲ್ಕೋ ಬಿಡಿ ಉಂಗುರ ಹಾಕಬೇಕು, ಸ್ಪ್ರಿಂಗಿನ ಹಾಗೆ ಒಂದೇ ದಾರ ಸುತ್ತಬಾರದು. ಉಂಗುರಗಳ ಬಾಯಿ ಒಂದರ ಮೇಲೊಂದು ಬರದಂತೆ ಕಾಲು ಸುತ್ತಿಗಿಂತ ಹೆಚ್ಚೇ ಸರಿಸಿ ಕೂರಿಸಬೇಕು. ಹಳೆಯದನ್ನು ಪೂರಾ ಕೀಳದೆ ಮೇಲೊಂದು ತುರುಕುವುದು ಎಲ್ಲೆಡೆ ನಡೆಯುವ ತಪ್ಪು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು-ಮೂರು ಹನಿ ಬೀಳಬೇಕು. ಆ ಹನಿಯೇ ಅದಕ್ಕೆ ತಂಪು. ಪೂರ್ತಿ ನಿಲ್ಲಲಿ ಎಂದು ನಟ್ ಬಿಗಿದರೆ ಗ್ಲ್ಯಾಂಡ್ ಮುಟ್ಟಲಾಗದಷ್ಟು ಕಾಯುತ್ತದೆ, ಶಾಫ್ಟಿನ ಮೇಲೆ ಸವೆತದ ತೋಡು ಬೀಳುತ್ತದೆ. ತೋಡು ಬಿದ್ದ ಶಾಫ್ಟಿಗೆ ಎಂಥ ಪ್ಯಾಕಿಂಗೂ ನಿಲ್ಲದು.

ಕಟ್‌ಲೆಸ್‌ಗೂ ಇಂಗ್ಲಿಷಿನ ‘ಕಟ್‌ಲಸ್’ ಎಂಬ ಕತ್ತಿಗೂ ಯಾವ ನಂಟೂ ಇಲ್ಲ, ಅದು ಒಂದು ಕಂಪನಿಯ ಬ್ರ್ಯಾಂಡಿನ ಹೆಸರು. ಹಿತ್ತಾಳೆ ಕವಚದೊಳಗೆ ಉದ್ದುದ್ದ ತೋಡುಗಳುಳ್ಳ ರಬ್ಬರು. ‘ರಬ್ಬರ್ ಬುಷ್’ ಎನ್ನಿ, ‘ನೀರೇ ಎಣ್ಣೆ, ಗ್ರೀಸ್ ಹಾಕಬಾರದು’ ಎಂದು ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಲಾರಿ ಮೆಕ್ಯಾನಿಕ್ ಮೊದಲು ಹುಡುಕುವುದೇ ಗ್ರೀಸ್ ನಿಪ್ಪಲ್! ದಡದ ಮೇಲೆ ಒಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ ಶಾಫ್ಟ್ ತಿರುಗಿಸಿದರೆ ರಬ್ಬರು ಸುಟ್ಟುಹೋಗುತ್ತದೆ. 25 ಮಿ.ಮೀ. ಶಾಫ್ಟಿನಲ್ಲಿ ಆಟ (ಸಡಿಲ) 1 ಮಿ.ಮೀ. ದಾಟಿದರೆ ಬುಷ್ ಬದಲಿಸಬೇಕು. ಒಂದೇ ಪಕ್ಕ ಸವೆದಿದ್ದರೆ ದೋಷ ಅಲೈನ್‌ಮೆಂಟಿನದು.

ಶಾಫ್ಟ್ ತೆಗೆಯುವ ಕಡೆ ‘ಬಡಿದು ಬಿಡಿಸಿ’ ಅನ್ನುವ ಮಾತು ಎಲ್ಲೂ ಬರಕೂಡದು. ಸುತ್ತಿಗೆ ಏಟು ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಫ್ಯಾನಿಗೆ ಎಳೆದು ಬಿಡಿಸುವ ಪುಲ್ಲರ್ ಹಾಕಲಿ. ಕಪ್ಲಿಂಗಿಗೆ (ಶಾಫ್ಟಿನ ತುದಿಗೆ ಕೂತಿರುವ ಫ್ಲೇಂಜಿಗೆ), ಶಾಫ್ಟಿನ ತುದಿಗಿಂತ ಸಣ್ಣದೊಂದು ಸಾಕೆಟ್ಟನ್ನು ಎರಡು ಫ್ಲೇಂಜಿನ ನಡುವೆ ಇಟ್ಟು, ಉದ್ದ ಬೋಲ್ಟುಗಳನ್ನು ಸುತ್ತಲೂ ಸಮನಾಗಿ ಬಿಗಿದರೆ ಶಾಫ್ಟ್ ತಾನೇ ಹಿಂದೆ ಸರಿಯುತ್ತದೆ. ಶಾಫ್ಟ್ ಹಿಂದಕ್ಕೇ ಬರಬೇಕಾದ್ದರಿಂದ ಚುಕ್ಕಾಣಿ ಅಡ್ಡವಾದೀತು, ಅದನ್ನು ಮೊದಲೇ ಬಿಚ್ಚುವ ಹಂತ ಸೇರಿಸಿ.

ಹೊಸ ಶಾಫ್ಟಿನ ಟೇಪರ್, ಅಂದರೆ ಫ್ಯಾನು ಕೂರುವ ತುದಿಯ ಮೊನಚು ಇಳಿಜಾರಿನ ಬಗ್ಗೆ ಒಂದು ಎಚ್ಚರಿಕೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳ ಕಾಲದಿಂದಲೂ ನಮ್ಮ ಸೀಮೆಯಲ್ಲಿ ಟರ್ನರ್‌ಗಳಿಗೆ ಬರವಿಲ್ಲ, ಆದರೆ ಅವರಿಗೆ ಬರೀ ‘ಟೇಪರ್ ಹೊಡೆಯಿರಿ’ ಎಂದರೆ ಆಗದು. ಮಿಲಿಮೀಟರ್ ಶಾಫ್ಟಿಗೆ ಸಾಮಾನ್ಯವಾಗಿ 1:10, ಲೇತಿನ ಕಾಂಪೌಂಡ್ ಸ್ಲೈಡ್ (ಓರೆಗೆ ತಿರುಗಿಸುವ ಭಾಗ) 2 ಡಿಗ್ರಿ 52 ಮಿನಿಟ್. ಇಂಚಿನದಕ್ಕೆ 1:16, 1 ಡಿಗ್ರಿ 47 ಮಿನಿಟ್. ಕೀ (ಫ್ಯಾನು ಶಾಫ್ಟಿನ ಮೇಲೆ ಸುತ್ತದಂತೆ ಹಿಡಿಯುವ ಲೋಹದ ತುಂಡು) ಹಾಕದೆ ಫ್ಯಾನನ್ನು ಟೇಪರಿಗೆ ಕೂರಿಸಿ, ಎಲ್ಲಿಯವರೆಗೆ ಬಂತೆಂದು ಗುರುತು ಹಾಕಬೇಕು. ಕೀ ಹಾಕಿದ ಮೇಲೂ ಅದೇ ಗುರುತಿಗೆ ಬರಬೇಕು. ಬರದಿದ್ದರೆ ಫ್ಯಾನು ಟೇಪರ್ ಬಿಟ್ಟು ಕೀ ತಲೆಯ ಮೇಲೆ ಕೂತಿದೆ ಎಂದರ್ಥ. ಕೀ ಮೇಲ್ಮೈ ಅರದಿಂದ ತಗ್ಗಿಸಬೇಕು. ಹಾಗೇ ಬಿಗಿದರೆ ಕೀ-ವೇ (ಕೀ ಕೂರುವ ತೋಡು) ಮೂಲೆಯಿಂದ ಶಾಫ್ಟ್ ಬಿರುಕು ಬಿಡುವುದು ಇದೇ ಜಾಗದಲ್ಲಿ.

‘ಫ್ಯಾನ್’ ನನ್ನ ಸೃಷ್ಟಿಯಲ್ಲ, ಕರಾವಳಿಯ ಬೋಟಿನವರ ಮಾತು.

ಇನ್ನೊಂದು ಉತ್ತರ (ಚನ್ನಗಿರಿಯಿಂದ)

ಮೇಲಿನದಕ್ಕೆ ಎರಡು ಸೇರಿಕೆ. ಶಾಫ್ಟಿನ ಬದಲು ತಾನೇ ಸವೆದು ಅದನ್ನು ತುಕ್ಕಿನಿಂದ ಕಾಯುವ ಲೋಹದ ತುಂಡಿಗೆ, ಅಂದರೆ ಆನೋಡಿಗೆ, ಕೈಪಿಡಿಯಲ್ಲಿ ‘ಜಿಂಕ್’ ಎಂದಿದ್ದರೆ ಹಾಗೇ ಇಳಿಸಬೇಡಿ, ಅದು ಉಪ್ಪುನೀರಿನ ಮಾತು. ಸಿಹಿನೀರಿನಲ್ಲಿ ಜಿಂಕ್ ಮೇಲೆ ಪೊರೆ ಕಟ್ಟಿ ಸವೆಯುವುದೇ ನಿಲ್ಲುತ್ತದೆ, ಆಗ ಶಾಫ್ಟಿಗೆ ಕಾವಲಿಲ್ಲ. ವಾಣಿ ವಿಲಾಸ ಸಾಗರದ್ದು ವೇದಾವತಿಯ ಸಿಹಿನೀರು, ಅದಕ್ಕೆ ಮೆಗ್ನೀಸಿಯಂ ಆನೋಡ್. ‘ಸವೆಯುವ ಆನೋಡ್’ ಅಂದರೆ ಅದು ಯಾಕೆ ಕರಗುತ್ತಿದೆ ಎಂದು ಯಾರೂ ಗಾಬರಿಯಾಗುವುದಿಲ್ಲ. ಬಣ್ಣ ಮಾತ್ರ ಬಳಿಯಬಾರದು.

ಸೂಳೆಕೆರೆಯಂಥ ಕಡೆ ಔಟ್‌ಬೋರ್ಡ್ ಮೋಟಾರೂ (ಬೋಟಿನ ಹಿಂಬದಿಗೆ ಹೊರಗಿನಿಂದ ತಗುಲಿಸುವುದು) ಇರುತ್ತದೆ. ಅದರಲ್ಲೂ ಪ್ರೊಪೆಲ್ಲರ್ ಶಾಫ್ಟ್ ಎಂಬುದಿದೆ, ಆದರೆ ಗ್ಲ್ಯಾಂಡ್ ಇಲ್ಲ, ಆಯಿಲ್ ಸೀಲು. ಬಲೆಯ ನೈಲಾನ್ ದಾರ ಫ್ಯಾನಿನ ಹಿಂದೆ ಸುತ್ತಿಕೊಂಡು ಸೀಲು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಮುಚ್ಚಬೇಕು, ಆಮೇಲೆ ಕೆಳಗಿನದು. ಒಂದೇ ಕೈಪಿಡಿಯಲ್ಲಿ ಎರಡೂ ಬರುವುದಾದರೆ ಇದನ್ನು ‘ಮೋಟಾರಿನ ಶಾಫ್ಟ್’ ಎಂದು ಬೇರೆ ಮಾಡಿ.