ಎರಡು ವಿಭಾಗಗಳ ಹೊಣೆ, ರಜೆಯಿಂದಲೂ ಹೋಗದ ದಣಿವು: ಇದು ಬರ್ನ್‌ಔಟೇ?

ಪ್ರಶ್ನೆ

ನಾನು 14 ಜನರ ತಂಡದ ಮುಖ್ಯಸ್ಥೆಯಾಗಿ ನಾಲ್ಕು ವರ್ಷಗಳಾದವು. ಕಳೆದ ವರ್ಷ ಪಕ್ಕದ ವಿಭಾಗದ ಮುಖ್ಯಸ್ಥರು ಕೆಲಸ ಬಿಟ್ಟಾಗ, ಹೊಸಬರು ಬರುವವರೆಗೆ ಮಾತ್ರ ಎಂಬ ಮಾತಿನ ಮೇಲೆ ಆ ವಿಭಾಗವನ್ನೂ ನೋಡಿಕೊಳ್ಳಲು ಒಪ್ಪಿಕೊಂಡೆ. ಹೊಸಬರು ಇನ್ನೂ ಬಂದಿಲ್ಲ. ಈಗೀಗ ಬೆಳಿಗ್ಗೆ ಏಳುವಾಗಲೇ ದಣಿವಿರುತ್ತದೆ. ಅದನ್ನಾದರೂ ಸಹಿಸಿಕೊಂಡೇನು, ನನ್ನನ್ನು ನಿಜವಾಗಿ ಹೆದರಿಸಿದ್ದು ಕಳೆದ ವಾರದ ಒಂದು ಘಟನೆ. ತಂಡದ ಹುಡುಗನೊಬ್ಬ ತನ್ನ ತಂದೆಗೆ ಹುಷಾರಿಲ್ಲವೆಂದು ಹೇಳಿಕೊಳ್ಳುತ್ತಿದ್ದಾಗ, ಹಾಗಾದರೆ ಇವನ ಕೆಲಸವನ್ನು ಯಾರ ತಲೆಗೆ ಕಟ್ಟುವುದು ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ನಾನು ಹಾಗಿದ್ದವಳಲ್ಲ. ಒಂದು ವಾರ ರಜೆ ಹಾಕಿ ನೋಡಿದೆ. ಹಿಂದಿರುಗಿದ ಮೂರನೆಯ ದಿನಕ್ಕೆ ಎಲ್ಲವೂ ಮೊದಲಿನಂತಾಯಿತು. ಇದು ಬರ್ನ್‌ಔಟೇ, ಇಲ್ಲವೇ ಈ ಹುದ್ದೆಗೆ ನಾನೇ ತಕ್ಕವಳಲ್ಲವೇ?

ಉತ್ತರ 1

ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ಮೊದಲ ಭಾಗಕ್ಕೆ ಅರ್ಧ ಉತ್ತರ ಕೊಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಸೇರಿಸಲಾಗಿದೆ. ಬಹುಕಾಲದಿಂದ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಅದು ಬರುತ್ತದೆ ಎನ್ನುವ ಆ ವಿವರಣೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿಯೆಲ್ಲ ಬಸಿದುಹೋದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಮತ್ತು ತನ್ನ ಕೈಯಲ್ಲಿ ಕೆಲಸ ಸಾಗುತ್ತಿಲ್ಲ ಎಂಬ ಭಾವನೆ. ಆ ಹುಡುಗನ ಮಾತು ಕೇಳುವಾಗ ನಿಮಗಾದದ್ದು ಎರಡನೆಯದಕ್ಕೆ ಹತ್ತಿರವಾಗಿದೆ. ‘ನಾನೇ ತಕ್ಕವಳಲ್ಲ’ ಎನ್ನುವುದು ಮೂರನೆಯದಕ್ಕೆ.

ಈ ಪದವನ್ನು 1974ರಲ್ಲಿ ತಮ್ಮ ಲೇಖನದ ಮೂಲಕ ಚಲಾವಣೆಗೆ ತಂದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವತಃ ದುಡಿದು ಬಳಲಿದವರು. ಕೆಲಸಕ್ಕೆ ತಮ್ಮನ್ನು ಪೂರ್ತಿ ಒಪ್ಪಿಸಿಕೊಂಡವರೇ ಇದಕ್ಕೆ ಹೆಚ್ಚು ಈಡಾಗುತ್ತಾರೆಂದು ಅವರು ಆಗಲೇ ಗುರುತಿಸಿದ್ದರು. ಆದರೂ ಒಮ್ಮೆ ವೈದ್ಯರನ್ನು ಕಾಣಿರಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಮತ್ತು ಖಿನ್ನತೆಗಳಲ್ಲಿಯೂ ಇಂಥದೇ ದಣಿವಿರುತ್ತದೆ. ಎಲ್ಲವನ್ನೂ ಕಚೇರಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸರಿಯಲ್ಲ.

ಉತ್ತರ 2

ನಾನೂ ಈ ಸ್ಥಿತಿಯನ್ನು ದಾಟಿ ಬಂದವನು. ನನ್ನ ಅನುಭವದಿಂದ ಒಂದು ಮಾತು ಹೇಳುತ್ತೇನೆ. ಕೆಲಸವನ್ನು ತಂಡಕ್ಕೆ ಚೆನ್ನಾಗಿಯೇ ಹಂಚುತ್ತಿದ್ದೇನೆಂದು ನಾನು ಬಹಳ ದಿನ ನಂಬಿದ್ದೆ. ಒಂದು ರಾತ್ರಿ ಹನ್ನೊಂದು ಗಂಟೆಗೆ, ನನ್ನ ಒಪ್ಪಿಗೆಗಾಗಿ ಬಂದಿದ್ದ ಪತ್ರದ ಕರಡೊಂದನ್ನು ತಿದ್ದಿ ಕಳುಹಿಸಿದ ಮೇಲೆ, ಏನು ತಿದ್ದಿದೆನೆಂದು ಕುತೂಹಲಕ್ಕೆ ಹಿಂದಿನದರ ಜೊತೆಗಿಟ್ಟು ನೋಡಿದೆ. ಒಂದು ‘ಮತ್ತು’ವನ್ನು ‘ಹಾಗೂ’ ಮಾಡಿದ್ದೆ, ಅಷ್ಟೇ. ಆ ಪತ್ರ ನನಗಾಗಿ ಎರಡು ದಿನ ಕಾದಿತ್ತು. ಬರೆದ ಹುಡುಗಿ ಆ ಎರಡು ದಿನವೂ ಮುಂದಿನ ಹೆಜ್ಜೆ ಇಡಲಾಗದೆ ಕುಳಿತಿದ್ದಳು.

ಅಂದು ತಿಳಿದದ್ದೇನೆಂದರೆ, ನಾನು ಹಂಚಿದ್ದು ದುಡಿಮೆಯನ್ನು ಮಾತ್ರ. ತೀರ್ಮಾನಗಳೆಲ್ಲ ನನ್ನ ಬಳಿಯೇ ಉಳಿದಿದ್ದವು, ಮತ್ತು ನನ್ನನ್ನು ಸವೆಸುತ್ತಿದ್ದುದು ಅವೇ. ಮರುದಿನದಿಂದ ಒಂದು ವಾರ, ಯಾರು ಏನು ಕೇಳಲು ಬಂದರೂ ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಪಕ್ಕದಲ್ಲಿ ‘ಇವರೇ ತೀರ್ಮಾನಿಸಿದ್ದರೆ ಏನು ಕೆಡುತ್ತಿತ್ತು’ ಎಂದು ಬರೆಯುತ್ತ ಹೋದೆ. ಬಹಳಷ್ಟು ಸಾಲುಗಳ ಪಕ್ಕದಲ್ಲಿ ಬರೆಯಲು ಏನೂ ಸಿಗಲಿಲ್ಲ. ಅಂಥವನ್ನು ನನ್ನನ್ನು ಕೇಳದೆಯೇ ಮುಗಿಸಬಹುದೆಂದು ತಂಡಕ್ಕೆ ಲಿಖಿತವಾಗಿ ತಿಳಿಸಿದೆ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ಹಿಂದೆ ಹಾಗೆ ಹೇಳಿ ಆಮೇಲೆ ಮೂಗು ತೂರಿಸಿದವರು ನಾವೇ. ಮೊದಲ ತಿಂಗಳು ಎರಡು ತಪ್ಪುಗಳಾದವು. ಅವನ್ನು ನೋಡಿಕೊಂಡು ಸುಮ್ಮನಿರುವುದು, ರಾತ್ರಿ ಹನ್ನೊಂದರವರೆಗೆ ಕೂರುವುದಕ್ಕಿಂತ ಕಷ್ಟವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಉತ್ತರ 3

ಮೇಲಿನವರ ಸಲಹೆ ಚೆನ್ನಾಗಿದೆ. ಆದರೆ ಅದು ಇವರ ಸ್ವಂತ ತಂಡಕ್ಕಷ್ಟೇ ಹೊಂದುತ್ತದೆ. ಎರಡನೆಯ ವಿಭಾಗದ ಕುರ್ಚಿ ಖಾಲಿ ಇರುವುದು ಇವರ ಸ್ವಭಾವದ ದೋಷವಲ್ಲ, ಸಂಸ್ಥೆ ತುಂಬದೆ ಬಿಟ್ಟ ಹುದ್ದೆ. ಬೇಡಿಕೆ ಹೆಚ್ಚಿದ್ದು ತೀರ್ಮಾನಿಸುವ ಅಧಿಕಾರ ಕಡಿಮೆ ಇರುವಲ್ಲಿ ಒತ್ತಡ ಅತಿಯಾಗುತ್ತದೆಂದು ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಿವರಿಸಿದ್ದರು. ಆ ವಿಭಾಗಕ್ಕೆ ಒಬ್ಬರನ್ನು ನೇಮಿಸಿಕೊಳ್ಳುವ ಅಧಿಕಾರ ನಿಮಗಿದೆಯೇ? ಇಲ್ಲವೆಂದಾದರೆ ನೀವು ಹೊತ್ತಿರುವುದು ಬರಿಯ ಹೊಣೆಯನ್ನು. ದಯವಿಟ್ಟು ವಾರದ ಗಂಟೆಗಳನ್ನೂ ಎಣಿಸಿ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿವೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನೇಮಕದ ಅಧಿಕಾರ ನನಗಿಲ್ಲ. ಗಂಟೆಗಳನ್ನು ಎಣಿಸಿದೆ, 61 ಆಯಿತು. ಆ ಸಂಖ್ಯೆಯನ್ನೂ, ಎರಡನೆಯ ವಿಭಾಗವನ್ನು ಇದೇ ತಿಂಗಳ ಕೊನೆಯವರೆಗೆ ಮಾತ್ರ ನೋಡಿಕೊಳ್ಳುವೆನೆಂಬುದನ್ನೂ ಮೇಲಧಿಕಾರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಆ ಹುಡುಗನನ್ನು ಇವತ್ತು ಕರೆದು ಅವನ ತಂದೆ ಹೇಗಿದ್ದಾರೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತ.