ಲಾಲಿಬೆಲದ ಏಕಶಿಲಾ ಚರ್ಚು ಮತ್ತು ಸಂತ ಜಾರ್ಜ್

ಪ್ರಶ್ನೆ (ಗದಗ):
ಬಾದಾಮಿಯ ಗುಹೆಗಳನ್ನು ನೋಡಿ ಬಂದ ಮೇಲೆ ಹುಟ್ಟಿದ ಕುತೂಹಲವಿದು. ಇಥಿಯೋಪಿಯಾದ ಲಾಲಿಬೆಲದಲ್ಲಿರುವ ಸಂತ ಜಾರ್ಜರ ಚರ್ಚನ್ನೂ ಹೀಗೆಯೇ ಬೆಟ್ಟದ ಮೈ ಕೊರೆದು ಮಾಡಿದ್ದಾರೆಯೇ? ಆ ಸಂತರಿಗೂ ಆ ನಾಡಿಗೂ ಏನು ನಂಟು?

ಉತ್ತರ (ಧಾರವಾಡ):
ಇಲ್ಲ ಸರ್. ಬಾದಾಮಿಯಲ್ಲಿ ಶಿಲ್ಪಿಗಳು ಬಂಡೆಯ ಒಳಕ್ಕೆ ಸಾಗಿದರೆ, ಲಾಲಿಬೆಲದಲ್ಲಿ ನೆಲಮಟ್ಟದಿಂದ ಕೆಳಕ್ಕೆ ಇಳಿದರು. ಸುತ್ತಲೂ ಆಳವಾದ ಕಂದಕ ತೋಡಿ, ನಡುವೆ ಉಳಿಸಿಕೊಂಡ ಜ್ವಾಲಾಮುಖಿ ಶಿಲೆಯನ್ನು ಹೊರಗೂ ಒಳಗೂ ಕೆತ್ತಿ, ಸುಮಾರು 12 ಮೀಟರ್ ಎತ್ತರದ ಶಿಲುಬೆಯಾಕಾರದ ಕಟ್ಟಡವನ್ನು ಬಿಡಿಸಿದರು. ಹೋಲಿಸುವುದಾದರೆ ರಾಷ್ಟ್ರಕೂಟರ ಎಲ್ಲೋರದ ಕೈಲಾಸನಾಥ ದೇವಾಲಯವೇ ಸೂಕ್ತ. ದಂಡೆಯ ಮೇಲೆ ನಿಂತವರಿಗೆ ಮೊದಲು ಕಾಣುವುದು ಗೋಡೆಯಲ್ಲ, ಒಂದರೊಳಗೊಂದು ಶಿಲುಬೆಗಳನ್ನು ಕೆತ್ತಿದ ಚಾವಣಿ. ತ್ರಿಕೂಟೇಶ್ವರದಂತಹ ಕಟ್ಟಿದ ಗುಡಿಯಲ್ಲಿ ಕೆಟ್ಟ ಕಲ್ಲನ್ನು ಬದಲಿಸಬಹುದಿತ್ತು. ಇಲ್ಲಿ ಆ ಅವಕಾಶವೇ ಇರಲಿಲ್ಲ.

ಉತ್ತರ (ಹುಬ್ಬಳ್ಳಿ):
ಸಂಪ್ರದಾಯದ ಪ್ರಕಾರ ಜಾರ್ಜ್ ರೋಮನ್ ಸೈನಿಕರಾಗಿದ್ದು, ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ, 303ರ ಸುಮಾರಿಗೆ, ಧರ್ಮ ತೊರೆಯಲೊಪ್ಪದೆ ಪ್ರಾಣ ತೆತ್ತರು. ಡ್ರ್ಯಾಗನ್ ಕೊಂದ ಕಥೆ ಶತಮಾನಗಳ ನಂತರ ಸೇರಿಕೊಂಡದ್ದು. ಇಥಿಯೋಪಿಯಾದವರು ಅವರನ್ನು ತಮ್ಮ ನಾಡಿನ ಪಾಲಕ ಸಂತರೆಂದು ನಂಬುತ್ತಾರೆ. ಜಾಗ್ವೆ ವಂಶದ ದೊರೆ ಲಾಲಿಬೆಲ ಉಳಿದ ಚರ್ಚುಗಳನ್ನು ಮುಗಿಸುತ್ತಿದ್ದಂತೆ, ಸಂತರು ಕುದುರೆಯೇರಿ ಬಂದು ತಮಗೊಂದೂ ಇಲ್ಲವಲ್ಲ ಎಂದು ಆಕ್ಷೇಪಿಸಿದರಂತೆ. ಎಲ್ಲಕ್ಕಿಂತ ಚೆಂದದ್ದನ್ನೇ ಮಾಡಿಸುವೆನೆಂದು ದೊರೆ ಮಾತು ಕೊಟ್ಟನಂತೆ. ಆ ಕುದುರೆಯ ಗೊರಸಿನ ಗುರುತುಗಳೆಂದು ಕೆಲವು ಕುಳಿಗಳನ್ನು ಅಲ್ಲಿ ಈಗಲೂ ತೋರಿಸುತ್ತಾರೆ (ಐತಿಹ್ಯಕ್ಕೆ ಸಾಕ್ಷಿ ಒದಗಿಸುವುದರಲ್ಲಿ ನಮ್ಮ ಕಡೆಯವರೇನೂ ಹಿಂದೆ ಬಿದ್ದಿಲ್ಲ).

ಪ್ರಶ್ನೆ ಕೇಳಿದವರು:
ತಮ್ಮಿಬ್ಬರಿಗೂ ಧನ್ಯವಾದಗಳು. ಅಲ್ಲಿ ಈಗಲೂ ಪೂಜೆ ನಡೆಯುತ್ತದೆಯೇ?

ಉತ್ತರ (ಧಾರವಾಡ):
ನಡೆಯುತ್ತದೆ. ಅಲ್ಲಿನ 11 ಚರ್ಚುಗಳು 1978ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದರೂ ಯಾತ್ರಿಕರ ಸಾಲು ಕರಗಿಲ್ಲ.